ಮಾತು ಬಲ್ಲ ತಂಡ: ಉದ್ಯೋಗಸ್ಥಳದಲ್ಲಿ ಸಾಮೂಹಿಕ ಅಭ್ಯಾಸಗಳು

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬುದು ನಮ್ಮ ಹಿರಿಯರ ಅನುಭವದ ನುಡಿ. ಸ್ಮರಣ ಸಂಚಿಕೆಗಳ ಆರೋಗ್ಯ ವಿಭಾಗದಲ್ಲಿ ಈ ಗಾದೆಯ ಪೂರ್ವಾರ್ಧಕ್ಕೆ ಸ್ಥಾನ ದೊರೆಯುತ್ತಲೇ ಬಂದಿದೆ. ಸಿಹಿಮೂತ್ರ, ರಕ್ತದೊತ್ತಡ, ಮಿತಾಹಾರ ಇವುಗಳನ್ನು ಕುರಿತು ಓದದ ವಾಚಕರು ವಿರಳ. ಉತ್ತರಾರ್ಧಕ್ಕೂ ಆರೋಗ್ಯಕ್ಕೂ ಸಂಬಂಧವಿದೆಯೆಂದು ಮಾತ್ರ ನಾವು ಸಾಮಾನ್ಯವಾಗಿ ಭಾವಿಸುವುದಿಲ್ಲ. ಆದರೆ ಹತ್ತಾರು ಮಂದಿ ಒಟ್ಟುಗೂಡಿ ಬೆಂಕಿ, ಆವಿ, ಅನಿಲಗಳ ನಡುವೆ ದುಡಿಯುವ ಸ್ಥಳದಲ್ಲಿ ಆಡಬೇಕಾದ ಮಾತನ್ನು ಸಕಾಲದಲ್ಲಿ ಆಡದಿದ್ದರೆ ಉಂಟಾಗುವುದು ಜಗಳವಲ್ಲ, ಗಾಯ, ಕೆಲವೊಮ್ಮೆ ಮರಣ. ಆದುದರಿಂದ ಮಾತು ಬಲ್ಲ ತಂಡವನ್ನು ಕಟ್ಟುವ ವಿದ್ಯೆಯೂ ಆರೋಗ್ಯಶಾಸ್ತ್ರದ ಒಂದು ಅಂಗವೆಂದೇ ತಿಳಿಯಬೇಕು.

ಮಣಲಿಯಲ್ಲಿ ನೆಲಸಿರುವವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. 1969ರಲ್ಲಿ ಇಲ್ಲಿನ ತೈಲ ಶುದ್ಧೀಕರಣ ಕೇಂದ್ರವು ಕಾರ್ಯಾರಂಭ ಮಾಡಿತು. 1971ರಲ್ಲಿ ಮದ್ರಾಸ್ ಫರ್ಟಿಲೈಸರ್ಸ್ ಸಂಸ್ಥೆಯ ಗೊಬ್ಬರ ಉತ್ಪಾದನೆ ಮೊದಲಾಯಿತು. ಕ್ರಮೇಣ ಇವುಗಳ ಸುತ್ತ ಪೆಟ್ರೋ-ರಾಸಾಯನಿಕ ಕಾರ್ಖಾನೆಗಳ ಒಂದು ಸಾಲೇ ಬೆಳೆಯಿತು. ಇಂತಹ ಕಾರ್ಖಾನೆಗಳ ಒಂದೇ ಪಾಳಿಯಲ್ಲಿ ತಮಿಳರು, ತೆಲುಗರು, ಮಲಯಾಳಿಗಳು, ಕನ್ನಡಿಗರು, ಉತ್ತರದ ರಾಜ್ಯಗಳಿಂದ ಬಂದ ಗುತ್ತಿಗೆ ಕಾರ್ಮಿಕರು ಜೊತೆಯಾಗಿ ನಿಲ್ಲಬೇಕಾಗುತ್ತದೆ. ಒಬ್ಬನಿಗೆ ಇಪ್ಪತ್ತು ವರ್ಷದ ಅನುಭವ, ಇನ್ನೊಬ್ಬನಿಗೆ ಅಂದೇ ಮೊದಲ ದಿನ. ಯಂತ್ರಗಳನ್ನು ಕೊಳವೆಗಳು ಜೋಡಿಸುತ್ತವೆ. ಈ ಮನುಷ್ಯರನ್ನು ಜೋಡಿಸುವುದು ಮಾತೊಂದೇ.

ಇತ್ತೀಚಿನ ವರ್ಷಗಳಲ್ಲಿ "ತಂಡ ನಿರ್ಮಾಣ"ದ ಹೆಸರಿನಲ್ಲಿ ಅನೇಕ ಸಂಸ್ಥೆಗಳು ನೌಕರರಿಗೆ ಆಟಪಾಟಗಳನ್ನು ಏರ್ಪಡಿಸುತ್ತವೆ. ಹಗ್ಗ ಜಗ್ಗಾಟ, ಬಲೂನು ಊದುವುದು, ಊಟ, ಛಾಯಾಚಿತ್ರ ಇವುಗಳೊಡನೆ ದಿನವು ಮುಗಿಯುತ್ತದೆ. ಉಲ್ಲಾಸಕ್ಕೆ ಇವು ಬೇಕು. ಆದರೆ ಮರುದಿನ ಪಾಳಿಗೆ ಬಂದ ಕಿರಿಯ ಸಹಾಯಕನು ತನ್ನ ಮೇಲ್ವಿಚಾರಕನಿಗೆ "ಸಾರ್, ಇದು ಸರಿಯಿಲ್ಲ, ನಿಲ್ಲಿಸಿ" ಎಂದು ಹೇಳಲು ನಿನ್ನೆಯಷ್ಟೇ ಅಂಜುವನಾದರೆ ಆ ತರಬೇತಿಯು ವ್ಯರ್ಥವಾಯಿತೆಂದೇ ಹೇಳಬೇಕು. ಸಾಮೂಹಿಕ ಅಭ್ಯಾಸವನ್ನು ಅಳೆಯುವ ಕೋಲು ಇದೊಂದೇ: ತಂಡದ ಅತಿ ಕಿರಿಯವನ ಮಾತು ಅತಿ ಹಿರಿಯವನ ಕೈಯನ್ನು ತಡೆಯಬಲ್ಲುದೇ?

ಹಿನ್ನೆಲೆ

ಕೂಡಿ ದುಡಿಯುವ ವಿದ್ಯೆ ನಮಗೆ ಹೊಸತಲ್ಲ. ನಾಟಿಯ ಕಾಲದಲ್ಲಿ ಒಬ್ಬರ ಗದ್ದೆಗೆ ಇನ್ನೊಬ್ಬರು ಆಳಾಗಿ ಹೋಗಿ, ತಮ್ಮ ಸರದಿಯಲ್ಲಿ ಅದೇ ನೆರವನ್ನು ಪಡೆಯುವ ಮುಯ್ಯಾಳು ಪದ್ಧತಿಯನ್ನು ನಮ್ಮ ಹಳ್ಳಿಗಳು ಬಲ್ಲವು. ಆದರೆ ಅಲ್ಲಿ ದುಡಿಯುವವರು ಹುಟ್ಟಿನಿಂದಲೂ ಪರಿಚಿತರು. ಅಪರಿಚಿತರನ್ನು ಒಂದು ತಂಡವಾಗಿಸುವುದು ಕಾರ್ಖಾನೆಯ ಯುಗವು ಒಡ್ಡಿದ ಸಮಸ್ಯೆ.

ಈ ಬಗೆಯ ತರಬೇತಿಯ ಒಂದು ಮೂಲವನ್ನು 1946ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಶಿಬಿರದಲ್ಲಿ ಕಾಣಬಹುದು. ಹಗಲಿನ ಗುಂಪು ಚರ್ಚೆಗಳಲ್ಲಿ ಯಾರು ಹೇಗೆ ವರ್ತಿಸಿದರೆಂಬುದನ್ನು ಸಂಶೋಧಕರು ಸಂಜೆ ತಮ್ಮಲ್ಲೇ ಪರಿಶೀಲಿಸುತ್ತಿದ್ದರು. ಶಿಬಿರಾರ್ಥಿಗಳಲ್ಲಿ ಕೆಲವರು ಆ ಸಭೆಗೂ ಬಂದು ಕುಳಿತರು. ತಮ್ಮ ನಡೆಯ ವರ್ಣನೆಯನ್ನು ಕೇಳಿ ಆಕ್ಷೇಪಿಸಿದರು, ವಿವರಿಸಿದರು. ಹಗಲಿನ ಪಾಠಕ್ಕಿಂತ ಈ ಸಂಜೆಯ ಮಾತುಕತೆಯೇ ಅವರಿಗೆ ಹೆಚ್ಚು ಕಲಿಸಿತೆಂಬುದು ಅಂದಿನ ಆಕಸ್ಮಿಕ ಶೋಧ. ಅಭ್ಯಾಸಕ್ಕಿಂತ ಅಭ್ಯಾಸಾನಂತರದ ಅವಲೋಕನವೇ ಮುಖ್ಯವೆಂಬ ತತ್ತ್ವದ ಬೀಜ ಇಲ್ಲಿದೆ.

ನಮ್ಮ ದೇಶದ ಉದಾಹರಣೆಯೂ ಉಂಟು. 1953ರಲ್ಲಿ ಅಹಮದಾಬಾದಿನ ಕ್ಯಾಲಿಕೋ ಗಿರಣಿಯಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅವರು ಸ್ವಯಂಚಾಲಿತ ಮಗ್ಗಗಳ ವಿಭಾಗವನ್ನು ಪರಿಶೀಲಿಸಿದರು. ಮಗ್ಗಗಳು ಹೊಸವು, ಕೆಲಸಗಾರರು ನುರಿತವರು, ಆದರೂ ಉತ್ಪನ್ನ ಏರಲಿಲ್ಲ. ಒಬ್ಬೊಬ್ಬನಿಗೆ ಒಂದೊಂದು ಬಿಡಿ ಕೆಲಸವನ್ನು ಹಂಚಿದ್ದರಿಂದ ಇಡೀ ಮಗ್ಗದ ಹೊಣೆ ಯಾರದೂ ಆಗಿರಲಿಲ್ಲ. ಒಂದಿಷ್ಟು ಮಗ್ಗಗಳಿಗೆ ಒಂದು ಸಣ್ಣ ತಂಡವೆಂಬ ವ್ಯವಸ್ಥೆಯನ್ನು ತಂದಾಗ ಕಾರ್ಮಿಕರೇ ತಮ್ಮ ತಮ್ಮಲ್ಲಿ ತಂಡಗಳನ್ನು ರಚಿಸಿಕೊಂಡರು. ಉತ್ಪನ್ನ ಹೆಚ್ಚಿತು, ಹಾಳಾಗುವ ಬಟ್ಟೆ ಕಡಮೆಯಾಯಿತು.

ತಂಡವನ್ನು ಬಿಡಿಬಿಡಿಯಾಗಿ ಕಲಿಸಬೇಕೇ, ಒಟ್ಟಾಗಿ ಕಲಿಸಬೇಕೇ ಎಂಬ ಪ್ರಶ್ನೆಗೆ 1995ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗವು ಉತ್ತರವಿತ್ತಿತು. ರೇಡಿಯೋ ಜೋಡಿಸುವುದನ್ನು ಕೆಲವರಿಗೆ ಪ್ರತ್ಯೇಕವಾಗಿಯೂ ಕೆಲವರಿಗೆ ಗುಂಪಿನಲ್ಲಿಯೂ ಕಲಿಸಿ, ಅನಂತರ ಎಲ್ಲರನ್ನೂ ಗುಂಪಾಗಿ ಜೋಡಿಸಲು ಬಿಟ್ಟರು. ಒಟ್ಟಿಗೆ ಕಲಿತ ಗುಂಪುಗಳೇ ಕಡಮೆ ತಪ್ಪು ಮಾಡಿದವು. ಯಾರಿಗೆ ಯಾವುದು ಗೊತ್ತು ಎಂಬ ತಿಳಿವಳಿಕೆ ಅವರಲ್ಲಿ ಬೆಳೆದಿತ್ತು.

ಮೌನದ ಬೆಲೆ

1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ, ಮಂಜು ಕವಿದಿದ್ದ ಹಾದಿಯ ಮೇಲೆ ಎರಡು ಬೃಹತ್ ವಿಮಾನಗಳು ಡಿಕ್ಕಿ ಹೊಡೆದು 583 ಮಂದಿ ಮಡಿದರು. ಹಾರಲು ಹೊರಟಿದ್ದ ವಿಮಾನದ ಎಂಜಿನಿಯರನಿಗೆ, ಇನ್ನೊಂದು ವಿಮಾನವು ಹಾದಿಯಿಂದ ಸರಿದಿಲ್ಲವೇನೋ ಎಂಬ ಶಂಕೆ ಮೂಡಿತ್ತು. ಆತ ಕೇಳಿದನು ಕೂಡ. ಹಿರಿಯ ಕಪ್ತಾನನು ಸರಿದಿದೆಯೆಂದು ದೃಢವಾಗಿ ನುಡಿದೊಡನೆ ಪ್ರಶ್ನೆ ಅಲ್ಲಿಗೇ ನಿಂತಿತು, ವಿಮಾನ ನಿಲ್ಲಲಿಲ್ಲ. ಈ ಮತ್ತು ಇಂತಹ ಅಪಘಾತಗಳಿಂದ ಪಾಠ ಕಲಿತು, 1979ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ನಡೆಸಿದ ಕಾರ್ಯಾಗಾರದ ನಂತರ, ವಿಮಾನ ಸಿಬ್ಬಂದಿಗೆ ಕೇಳುವುದನ್ನೂ ಹೇಳುವುದನ್ನೂ ಕಲಿಸುವ ಸಾಮೂಹಿಕ ತರಬೇತಿ ರೂಢಿಗೆ ಬಂದಿತು.

ನಮ್ಮಲ್ಲಿ 1984ರ ಡಿಸೆಂಬರಿನ ಭೋಪಾಲ ದುರಂತದ ತರುವಾಯ, 1948ರ ಕಾರ್ಖಾನೆ ಕಾಯ್ದೆಗೆ 1987ರಲ್ಲಿ ಮಹತ್ತ್ವದ ತಿದ್ದುಪಡಿಯಾಯಿತು. ಅಪಾಯಕಾರಿ ಕಾರ್ಖಾನೆಗಳಲ್ಲಿ ಕಾರ್ಮಿಕರಿಗೂ ಆಡಳಿತಕ್ಕೂ ಸಮಸಂಖ್ಯೆಯ ಪ್ರಾತಿನಿಧ್ಯವುಳ್ಳ ಸುರಕ್ಷತಾ ಸಮಿತಿ ಇರಬೇಕೆಂದು ಅದು ವಿಧಿಸಿತು. ಪ್ರಾಣಾಪಾಯ ಸನ್ನಿಹಿತವೆಂದು ತೋರಿದರೆ ಅದನ್ನು ಮೇಲಿನವರ ಗಮನಕ್ಕೆ ತರುವ ಹಕ್ಕನ್ನು ಕಾರ್ಮಿಕನಿಗೂ, ಕೂಡಲೆ ಕ್ರಮ ಕೈಗೊಳ್ಳುವ ಕರ್ತವ್ಯವನ್ನು ಆಡಳಿತಕ್ಕೂ ನೀಡಿತು. ಆದರೆ ಶಾಸನವು ಬಾಯಿಗೆ ಹಕ್ಕನ್ನು ಕೊಡಬಲ್ಲುದೇ ಹೊರತು ಧೈರ್ಯವನ್ನಲ್ಲ. ಅದು ಬರುವುದು ಅಭ್ಯಾಸದಿಂದ.

ಐದು ಅಭ್ಯಾಸಗಳು

ಕೆಳಗಿನ ಅಭ್ಯಾಸಗಳಿಗೆ ದುಬಾರಿ ಸಾಮಗ್ರಿ ಬೇಕಾಗಿಲ್ಲ. ಆರರಿಂದ ಹನ್ನೆರಡು ಮಂದಿಯ ಗುಂಪಿಗೆ ಇವು ಹೊಂದುತ್ತವೆ. ಒಂದೊಂದಕ್ಕೆ ಅರ್ಧ ಗಂಟೆ ಸಾಕು.

1. ಬೆನ್ನಿಗೆ ಬೆನ್ನು

ಇಬ್ಬಿಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ಒಬ್ಬನ ಕೈಯಲ್ಲಿ, ಒಂದಕ್ಕೊಂದು ತಾಗಿರುವ ಆರು ಆಯತಗಳ ಚಿತ್ರ. ಇನ್ನೊಬ್ಬನ ಕೈಯಲ್ಲಿ ಬಿಳಿ ಹಾಳೆ. ಮೊದಲ ಸಲ ಚಿತ್ರವುಳ್ಳವನು ವರ್ಣಿಸಬೇಕು, ಮತ್ತೊಬ್ಬನು ಒಂದು ಪ್ರಶ್ನೆಯನ್ನೂ ಕೇಳದೆ ಬರೆಯಬೇಕು. ಎರಡನೆಯ ಸಲ ಬೇರೊಂದು ಚಿತ್ರ; ಈಗ ಬೇಕಾದಷ್ಟು ಪ್ರಶ್ನೆ ಕೇಳಬಹುದು. ಎರಡಕ್ಕೂ ಹಿಡಿದ ಸಮಯವನ್ನು ಗುರುತಿಸಿ, ಚಿತ್ರಗಳನ್ನು ಹೋಲಿಸಬೇಕು.

ಇಂತಹ ಪ್ರಯೋಗವನ್ನು 1951ರಲ್ಲಿ ಲೆವಿಟ್ ಮತ್ತು ಮ್ಯೂಲರ್ ಎಂಬ ವಿದ್ವಾಂಸರು ಪ್ರಕಟಿಸಿದರು. ಪ್ರಶ್ನೆಗೆ ಅವಕಾಶವಿದ್ದಾಗ ಹೆಚ್ಚು ಸಮಯ ಹಿಡಿಯಿತು, ಆದರೆ ಚಿತ್ರ ಹೆಚ್ಚು ಸರಿಯಾಗಿ ಬಂದಿತು. ಮೇಲ್ವಿಚಾರಕರು ಇದರಿಂದ ಕಲಿಯಬೇಕಾದುದು, "ಅರ್ಥವಾಯಿತೇ?" ಎಂಬ ಪ್ರಶ್ನೆಗೆ ದೊರೆಯುವ "ಹೂಂ" ಏನನ್ನೂ ಸಿದ್ಧಪಡಿಸುವುದಿಲ್ಲ ಎಂಬುದನ್ನು.

2. ಮರುನುಡಿ

ಆರು ಮಂದಿ ಸಾಲಾಗಿ, ಪರಸ್ಪರ ಹತ್ತು ಹೆಜ್ಜೆ ದೂರದಲ್ಲಿ ನಿಲ್ಲುವರು. ಮೊದಲನೆಯವನಿಗೆ ಒಂದು ಚೀಟಿ: "ಮೂರನೆಯ ಪಂಪಿನ ವಾಲ್ವನ್ನು ಕಾಲುಭಾಗ ಮಾತ್ರ ತೆರೆ, ಒತ್ತಡ ನಾಲ್ಕನ್ನು ಮುಟ್ಟಿದರೆ ನನಗೆ ತಿಳಿಸು." ಇದು ಬಾಯಿಂದ ಬಾಯಿಗೆ ಸಾಗಬೇಕು. ಸುತ್ತಲೂ ಉಳಿದವರು ತಟ್ಟೆ ಬಡಿದು ಯಂತ್ರದ ಸದ್ದನ್ನು ಮಾಡುವರು. ಆರನೆಯವನನ್ನು ಮುಟ್ಟುವಾಗ ಮಾತು ಹೇಗೆ ರೂಪಾಂತರಗೊಂಡಿರುತ್ತದೆಂಬುದು ನಗೆ ತರಿಸುತ್ತದೆ. ನಗೆಯ ಹಿಂದೆ ಭಯವೂ ಇರಬೇಕು. ಎರಡನೆಯ ಸುತ್ತಿನಲ್ಲಿ ನಿಯಮವಿಷ್ಟೆ: ಕೇಳಿದವನು ಕೇಳಿದ್ದನ್ನು ತಿರುಗಿ ನುಡಿಯಬೇಕು, ಹೇಳಿದವನು "ಸರಿ" ಎನ್ನುವ ತನಕ ಮುಂದೆ ಸಾಗಿಸಕೂಡದು.

ಬಹುಭಾಷೆಯ ಮಣಲಿಯಲ್ಲಿ ಈ ಅಭ್ಯಾಸಕ್ಕೆ ವಿಶೇಷ ಪ್ರಯೋಜನವುಂಟು. ತಮಿಳಿನಲ್ಲಿ "ಮೂಡು" ಎಂದರೆ ಮುಚ್ಚು ಎಂದರ್ಥ. ಹೊಸದಾಗಿ ಬಂದ ಕನ್ನಡಿಗನ ಕಿವಿಗೆ ಅದು ಸೂರ್ಯನು ಮೂಡುವ "ಮೂಡು". ವಾಲ್ವಿನ ಮುಂದೆ ನಿಂತವನಿಗೆ ಇಂತಹ ಭ್ರಮೆ ಸಲ್ಲದು. ತೆರೆ, ಮುಚ್ಚು, ನಿಲ್ಲಿಸು, ಓಡು, ಬೆಂಕಿ, ಅನಿಲ, ಸಹಾಯ ಮುಂತಾದ ಹತ್ತು ಪದಗಳನ್ನು ಪಾಳಿಯ ಎಲ್ಲ ಭಾಷೆಗಳಲ್ಲೂ ಎಲ್ಲರೂ ಬಾಯಿಪಾಠ ಮಾಡಬೇಕು. ಪ್ರತಿಯೊಂದಕ್ಕೂ ಒಂದು ಕೈಸನ್ನೆಯನ್ನು ತಂಡವೇ ನಿಶ್ಚಯಿಸಿಕೊಳ್ಳಬೇಕು.

3. ತಡೆಯುವ ಮಾತು

ಐದರಲ್ಲಿ ಇದೇ ಪ್ರಧಾನವಾದುದು. ತಂಡದ ನಾಯಕನು ಒಂದು ಪರಿಚಿತ ಕೆಲಸದ ಅಣಕುಪ್ರದರ್ಶನವನ್ನು ನಡೆಸುವನು. ಉದಾಹರಣೆಗೆ, ಪಂಪನ್ನು ದುರಸ್ತಿಗೆ ಬಿಚ್ಚುವುದು. ನಡುವೆ ಎಲ್ಲೋ ಒಂದೆಡೆ ಆತ ಬುದ್ಧಿಪೂರ್ವಕವಾಗಿ ತಪ್ಪು ಮಾಡುವನು: ವಿದ್ಯುತ್ತನ್ನು ಕಡಿದಿದೆಯೇ ಎಂದು ಪರೀಕ್ಷಿಸದಿರುವುದು, ಕನ್ನಡಕ ಧರಿಸದಿರುವುದು, ಅನುಮತಿ ಪತ್ರವನ್ನು ಓದದೆ ಸಹಿ ಹಾಕುವುದು. ತಡೆಯಬೇಕಾದವನು ತಂಡದ ಅತಿ ಕಿರಿಯನು. ಅವನಿಗೆ ಮೂರು ಮೆಟ್ಟಿಲಿನ ಮಾತನ್ನು ಕಲಿಸಿರಬೇಕು:

"ಸಾರ್, ನನಗೆ ಒಂದು ಅನುಮಾನವಿದೆ."

"ಸಾರ್, ಇದರಿಂದ ಅಪಾಯವಾಗುತ್ತದೆಂದು ನನಗೆ ಭಯವಾಗುತ್ತಿದೆ."

"ಸಾರ್, ನಿಲ್ಲಿಸಿ."

ಮೊದಲೆರಡು ಮಾತಿಗೆ ನಾಯಕನು "ನನಗೆ ಗೊತ್ತು, ಸುಮ್ಮನಿರು" ಎಂದು ಗದರಬೇಕು. ಮೂರನೆಯ ಮಾತು ಬಂದೊಡನೆ, ಸರಿಯೋ ತಪ್ಪೋ ಎಂದು ವಾದಿಸದೆ ಕೈಗಳನ್ನು ಹಿಂದಕ್ಕೆ ತೆಗೆದು, "ನಿಲ್ಲಿಸಿದ್ದಕ್ಕೆ ವಂದನೆ, ಏನು ಕಂಡೆ?" ಎಂದು ಕೇಳಬೇಕು. ವಯಸ್ಸಿಗೂ ಹುದ್ದೆಗೂ ಗೌರವ ಕೊಡುವುದನ್ನು ಬಾಲ್ಯದಿಂದಲೂ ಕಲಿತ ನಮ್ಮವರಿಗೆ ಮೂರನೆಯ ಮೆಟ್ಟಿಲು ಎತ್ತರವಾಗಿ ಕಾಣುವುದು ಸಹಜ. "ಸಾರ್" ಎಂಬ ಗೌರವವನ್ನು ಬಿಡಬೇಕಾಗಿಲ್ಲ. "ನಿಲ್ಲಿಸಿ" ಎಂಬ ಮಾತನ್ನು ನುಂಗಬಾರದು, ಅಷ್ಟೆ. ಇಲ್ಲಿ ನಿಜವಾದ ಶಿಕ್ಷಣಾರ್ಥಿ ಕಿರಿಯನಲ್ಲ, ನಾಯಕನೇ. ತಡೆದದ್ದು ತಪ್ಪು ತಿಳಿವಳಿಕೆಯಿಂದ ಎಂದು ಅನಂತರ ತಿಳಿದುಬಂದರೂ ತಡೆದವನನ್ನು ಹಳಿಯಕೂಡದು. ಒಮ್ಮೆ ಹಳಿದರೆ ಅವನು ಮತ್ತೊಮ್ಮೆ ಬಾಯಿ ತೆರೆಯುವುದಿಲ್ಲ.

4. ಪಾಳಿಯನ್ನು ಒಪ್ಪಿಸುವುದು

1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲವೇದಿಕೆಯಲ್ಲಿ ಬೆಂಕಿ ಎದ್ದು 167 ಮಂದಿ ಅಸುನೀಗಿದರು. ಹಗಲಿನ ಪಾಳಿಯವರು ಒಂದು ಪಂಪಿನ ಸುರಕ್ಷಾ ವಾಲ್ವನ್ನು ದುರಸ್ತಿಗೆಂದು ಕಳಚಿ, ಆ ಜಾಗಕ್ಕೆ ತಾತ್ಕಾಲಿಕ ಮುಚ್ಚಳವನ್ನಿಟ್ಟಿದ್ದರು. ಆ ಸಂಗತಿ ರಾತ್ರಿಯ ಪಾಳಿಯವರಿಗೆ ಸರಿಯಾಗಿ ತಲುಪಲಿಲ್ಲ. ಇನ್ನೊಂದು ಪಂಪು ನಿಂತಾಗ ಅವರು ಇದನ್ನೇ ಚಾಲನೆಗೊಳಿಸಿದರು.

ಅಭ್ಯಾಸಕ್ಕೆ ಗುಂಪನ್ನು ಎರಡು ಪಾಳಿಗಳನ್ನಾಗಿ ವಿಂಗಡಿಸಿ. ಮೊದಲ ಪಾಳಿಗೆ ಹತ್ತು ಸಂಗತಿಗಳ ಪಟ್ಟಿ ಕೊಡಿ; ಎಂಟು ಸಾಮಾನ್ಯ, ಎರಡು ಅರೆಮುಗಿದ ಕೆಲಸಗಳು. ಅವರು ಐದು ನಿಮಿಷ ಓದಿ, ಪಟ್ಟಿಯನ್ನು ಹಿಂದಿರುಗಿಸಿ, ಬಾಯಿಮಾತಿನಲ್ಲಿ ಎರಡನೆಯ ಪಾಳಿಗೆ ಒಪ್ಪಿಸಲಿ. ಎರಡನೆಯವರು ತಿಳಿದದ್ದನ್ನು ಬರೆಯಲಿ. ಪುನಃ ಇನ್ನೊಂದು ಪಟ್ಟಿಯೊಡನೆ, ಈ ಬಾರಿ ಮೂರು ಶೀರ್ಷಿಕೆಗಳುಳ್ಳ ಹಾಳೆಯ ಮೇಲೆ ಬರೆದು ಒಪ್ಪಿಸಲಿ: "ಮುಗಿದುದು", "ಮುಗಿಯದುದು", "ಮುಟ್ಟಬಾರದುದು". ಎರಡು ಫಲಿತಾಂಶಗಳ ಅಂತರವನ್ನು ಗೋಡೆಯ ಮೇಲೆ ಬರೆದು ತೋರಿಸಿರಿ. ಮನೆಗೆ ಹೋಗುವ ಆತುರದ ಐದು ನಿಮಿಷಗಳೇ ಅಪಾಯಕಾರಿಯಾದುವೆಂಬುದು ತಾನಾಗಿ ಮನದಟ್ಟಾಗುವುದು.

5. ಹೊರಗೆ ನಿಲ್ಲುವವನು

ತೊಟ್ಟಿ, ಟ್ಯಾಂಕು, ಚರಂಡಿಗುಂಡಿ ಮುಂತಾದ ಮುಚ್ಚಿದ ಸ್ಥಳಗಳಲ್ಲಿ ಒಬ್ಬನು ಕುಸಿದುಬಿದ್ದಾಗ, ಅವನನ್ನು ಉಳಿಸಲು ಧಾವಿಸಿದ ಎರಡನೆಯವನೂ ಮೂರನೆಯವನೂ ಸಾಯುವುದನ್ನು ವೃತ್ತಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಕೊಳೆತ ಮೊಟ್ಟೆಯ ವಾಸನೆಯುಳ್ಳ ಹೈಡ್ರೋಜನ್ ಸಲ್ಫೈಡ್ ಅನಿಲವು ಅಧಿಕವಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ಹೋಯಿತೆಂದರೆ ಅಪಾಯ ಹೋಯಿತೆಂದಲ್ಲ. ಸಾಧಾರಣ ಗಾಳಿಯಲ್ಲಿ ಆಮ್ಲಜನಕವು ಸುಮಾರು ಶೇಕಡಾ 21ರಷ್ಟಿದೆ, ಅದು 19.5ಕ್ಕಿಂತ ಕೆಳಗಿಳಿದ ಸ್ಥಳಕ್ಕೆ ಉಸಿರಾಟದ ಉಪಕರಣವಿಲ್ಲದೆ ಇಳಿಯಬಾರದು.

ಅಭ್ಯಾಸವು ಹೀಗೆ: ಮೇಜುಗಳನ್ನು ಜೋಡಿಸಿ ಹೊದಿಕೆ ಹಾಸಿ "ತೊಟ್ಟಿ"ಯನ್ನು ಮಾಡಿ. ಒಬ್ಬನು ಒಳಗೆ, ಅವನ ಸೊಂಟಕ್ಕೆ ಹಗ್ಗ, ಒಬ್ಬನು ಬಾಗಿಲಲ್ಲಿ, ಉಳಿದವರು ಸುತ್ತ. ಒಳಗಿನವನು ಒಮ್ಮೆಲೆ ಉತ್ತರ ಕೊಡುವುದನ್ನು ನಿಲ್ಲಿಸುವನು. ಸುತ್ತಲಿನವರು "ಒಳಗೆ ಹೋಗು, ಅವನು ನಿನ್ನ ಸ್ನೇಹಿತನಲ್ಲವೇ!" ಎಂದು ಬೊಬ್ಬಿಡುವರು. ಬಾಗಿಲಿನವನು ಒಳನುಗ್ಗದೆ ಎಚ್ಚರಿಕೆ ಗಂಟೆ ಬಾರಿಸಬೇಕು, ರಕ್ಷಣಾ ತಂಡವನ್ನು ಕರೆಯಬೇಕು, ಹೊರಗಿನಿಂದ ಹಗ್ಗವನ್ನು ಎಳೆಯಬೇಕು. ಸ್ನೇಹವುಳ್ಳವನಿಗೆ ಓಡುವುದು ಸುಲಭ, ನಿಲ್ಲುವುದು ಕಠಿಣ. ಆ ಕಾಠಿಣ್ಯವನ್ನು ಮುಂಚೆಯೇ ಒಮ್ಮೆ ಅನುಭವಿಸಿದವನು ನಿಜವಾದ ಗಳಿಗೆಯಲ್ಲಿ ತಾನೂ ಉಳಿದು, ಗೆಳೆಯನನ್ನೂ ಉಳಿಸಬಲ್ಲನು.

ಹೊರತೆಗೆದ ಮೇಲೆ ಪ್ರಥಮ ಚಿಕಿತ್ಸೆಯೂ ತಂಡದ ಕೆಲಸವೇ. ಉಸಿರಾಟವಿಲ್ಲದವನ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಎರಡು ನಿಮಿಷದಲ್ಲಿ ಒತ್ತುವವನು ದಣಿಯುವುದರಿಂದ ಮತ್ತೊಬ್ಬನು ಕೈಬದಲಿಸಬೇಕು. ಒಬ್ಬನು ಒತ್ತುವಾಗ ಒಬ್ಬನು ಗಟ್ಟಿಯಾಗಿ ಎಣಿಸಲಿ, ಒಬ್ಬನು 108ಕ್ಕೆ ಕರೆಮಾಡಲಿ, ಒಬ್ಬನು ಬಾಗಿಲಲ್ಲಿ ನಿಂತು ವಾಹನಕ್ಕೆ ದಾರಿ ತೋರಲಿ. ಇದನ್ನು ಬೊಂಬೆಯ ಮೇಲೆಯೇ ಅಭ್ಯಸಿಸಬೇಕು. ಆರೋಗ್ಯವಂತ ಮನುಷ್ಯನ ಎದೆಯ ಮೇಲಲ್ಲ.

ಅವಲೋಕನ

ಪ್ರತಿ ಅಭ್ಯಾಸದ ಕೊನೆಗೆ ಹತ್ತು ನಿಮಿಷ ವರ್ತುಲಾಕಾರವಾಗಿ ಕುಳಿತು ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು: ಏನು ನಡೆಯಬೇಕಾಗಿತ್ತು? ಏನು ನಡೆಯಿತು? ಅಂತರ ಏಕೆ ಬಂದಿತು? ನಾಳೆಯ ಪಾಳಿಯಲ್ಲಿ ಯಾವ ಒಂದನ್ನು ಬದಲಿಸುತ್ತೇವೆ? ಕಿರಿಯವನು ಮೊದಲು ಮಾತನಾಡಬೇಕು, ನಾಯಕನು ಕೊನೆಗೆ. ನಾಯಕನು ಮೊದಲು ನುಡಿದರೆ ಉಳಿದವರು ಅದನ್ನೇ ಅನುಮೋದಿಸಿಬಿಡುತ್ತಾರೆ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಕ್ರಮಬದ್ಧ ಅವಲೋಕನದಿಂದ ಕಾರ್ಯಕ್ಷಮತೆಯು ಶೇಕಡಾ 20ರಿಂದ 25ರಷ್ಟು ಸುಧಾರಿಸಬಹುದೆಂದು ತಿಳಿಸಿದೆ. ಆಟವನ್ನು ಬಿಟ್ಟರೂ ಬಿಡಬಹುದು, ಈ ಹತ್ತು ನಿಮಿಷಗಳನ್ನು ಬಿಡಬಾರದು.

ಕೆಲವು ಎಚ್ಚರಿಕೆಗಳು

ರಾತ್ರಿ ಪಾಳಿ ಮುಗಿಸಿದವರನ್ನು ತರಬೇತಿಗೆ ಕೂರಿಸುವುದು ಕ್ರೌರ್ಯ. ನಿದ್ದೆಗೆಟ್ಟ ಮೆದುಳು ಕಲಿಯದು. ಅಗ್ನಿನಕ್ಷತ್ರದ ಬಿಸಿಲಿನಲ್ಲಿ ಬಯಲಿನ ಅಭ್ಯಾಸ ಬೇಡ. ನೆರಳು, ನೀರು, ಮಜ್ಜಿಗೆ ಇರಲಿ. ಹೃದ್ರೋಗಿಗಳು, ಗರ್ಭಿಣಿಯರು, ಬೆನ್ನುನೋವಿನವರು ಮೈದಣಿಸುವ ಅಭ್ಯಾಸಗಳಲ್ಲಿ ಸಮಯಪಾಲಕರಾಗಿ ಪಾಲ್ಗೊಳ್ಳಲಿ. ಕಾರಣವನ್ನು ಎಲ್ಲರೆದುರು ಕೇಳಬಾರದು. ಯಾರನ್ನೂ ಅಪಹಾಸ್ಯಕ್ಕೆ ಗುರಿಮಾಡಕೂಡದು. ಎಲ್ಲಕ್ಕಿಂತ ಮಿಗಿಲಾಗಿ, ಗುತ್ತಿಗೆ ಕಾರ್ಮಿಕರನ್ನು ಹೊರಗಿಟ್ಟು ಖಾಯಂ ನೌಕರರಿಗೆ ಮಾತ್ರ ತರಬೇತಿ ನೀಡಿದರೆ ಅದು ತಂಡದ ತರಬೇತಿಯಾಗದು. ತೊಟ್ಟಿಯೊಳಗೆ ಇಳಿಯುವವನು ಹೆಚ್ಚಾಗಿ ಅವನೇ.

ಮನೆಯೂ ಒಂದು ತಂಡ

2023ರ ಡಿಸೆಂಬರ್ 26ರ ನಡುರಾತ್ರಿ, ನಮಗೆ ನೆರೆಯಾದ ಎಣ್ಣೂರಿನ ಪೆರಿಯಕುಪ್ಪಂ ಬಳಿ ಸಮುದ್ರದಡಿಯ ಕೊಳವೆಯಿಂದ ಅಮೋನಿಯಾ ಸೋರಿ, ಮೀನುಗಾರ ಕುಟುಂಬಗಳು ನಿದ್ದೆಗಣ್ಣಿನಲ್ಲಿ ಮಕ್ಕಳುಮರಿಗಳೊಡನೆ ಓಡಬೇಕಾಯಿತು. ಉಸಿರುಗಟ್ಟಿ ಹಲವರು ಆಸ್ಪತ್ರೆ ಸೇರಿದರು. ಅಪಾಯವು ಕಾರ್ಖಾನೆಯ ಗೋಡೆಯೊಳಗೆ ಮಾತ್ರ ಇರುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅಮೋನಿಯಾ ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಒದ್ದೆಬಟ್ಟೆಯನ್ನು ಮೂಗುಬಾಯಿಗೆ ಹಿಡಿದು, ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ದೂರ ಸರಿಯಬೇಕು. ಅಜ್ಜಿಯ ಕೈಯನ್ನು ಯಾರು ಹಿಡಿಯಬೇಕು, ಬಟ್ಟೆಯನ್ನು ಯಾರು ನೆನೆಸಬೇಕು, ಒಲೆಯನ್ನು ಯಾರು ಆರಿಸಬೇಕು, ಎಲ್ಲಿ ಕೂಡಬೇಕು ಎಂಬುದನ್ನು ಒಂದು ಭಾನುವಾರ ಮನೆಮಂದಿಯೆಲ್ಲ ಕುಳಿತು ನಿಶ್ಚಯಿಸಿ, ಒಮ್ಮೆ ನಡೆದು ನೋಡಿದರೆ ಅದೂ ಒಂದು ಸಾಮೂಹಿಕ ಅಭ್ಯಾಸವೇ.

ರಾಷ್ಟ್ರೀಯ ಸುರಕ್ಷತಾ ಮಂಡಳಿಯು 1966ರ ಮಾರ್ಚ್ 4ರಂದು ಸ್ಥಾಪಿತವಾದ ನೆನಪಿಗೆ ಪ್ರತಿವರ್ಷ ಅಂದು ಸುರಕ್ಷತಾ ದಿನವನ್ನು ಆಚರಿಸಲಾಗುತ್ತದೆ. ರಾಜ್ಯೋತ್ಸವ, ಯುಗಾದಿಗಳಿಗೆ ಕೂಡುವ ನಮ್ಮ ಸಂಘವು ಅಂದು ಸಂಜೆ ಒಂದು ಗಂಟೆಯನ್ನು ಈ ಅಭ್ಯಾಸಗಳಿಗೆ ಮೀಸಲಿಡುವುದಾದರೆ, ದುಡಿಯಲು ಹೋದವರು ಸಂಜೆ ಸುರಕ್ಷಿತವಾಗಿ ಮನೆಗೆ ಮರಳಬೇಕೆಂಬ ಎಲ್ಲರ ಹಾರೈಕೆಗೆ ಅದು ಒಂದು ಬಲವಾದ ಊರುಗೋಲಾದೀತು. ಆಡಬೇಕಾದ ಮಾತನ್ನು ಆಡುವ ಧೈರ್ಯ ಕಿರಿಯರಿಗೆ, ಕೇಳುವ ತಾಳ್ಮೆ ಹಿರಿಯರಿಗೆ ಉಂಟಾಗಲಿ.